ಖಾಲಿ ಫ್ಲಾಶ್

ನಾನು ಹೆದರುಪುಕ್ಕಲ ಎಂಬುದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೈಮೇಲೆ ಹಲ್ಲಿ ಬಿದ್ದರೆ ಹೆದರುತ್ತೇನೆ, ಬ್ಯಾಂಕಿನಿಂದ ಮೆಸೇಜು ಬಂದರೆ ಹೆದರುತ್ತೇನೆ, ಹೆಂಡತಿ ಸರೋಜ ಅಡುಗೆಮನೆಯಲ್ಲಿ ಮಾತಿಲ್ಲದೆ ಪಾತ್ರೆ ಜೋಡಿಸುತ್ತಿದ್ದರೆ ಇನ್ನೂ ಹೆಚ್ಚು ಹೆದರುತ್ತೇನೆ. ಇವೆಲ್ಲ ರೂಢಿಯಾಗಿಹೋಗಿರುವ ಹೆದರಿಕೆಗಳು. ಆದರೆ ನಿವೃತ್ತನಾದ ಮೇಲೆ, ಹಾಡಹಗಲಲ್ಲಿ, ನನ್ನದೇ ಮನೆಯ ನಡುಮನೆಯಲ್ಲಿ ಕೂತು ಒಂದು ಸ್ಕ್ಯಾನರಿಗೆ ಹೆದರಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ವಾರವೆಲ್ಲ ಮಕ್ಕಳಿಂದ ಹೂದಾನಿ, ಬಾಳೆಹಣ್ಣು, ಎರಡು ಗುಡ್ಡದ ನಡುವಿನ ಸೂರ್ಯ ಇವನ್ನು ಬರೆಸುವುದು. ಲಗ್ನದ ದಿನಗಳಲ್ಲಿ ಕುತ್ತಿಗೆಗೆ ಕ್ಯಾಮರಾ ಹಾಕಿಕೊಂಡು ಮದುವೆಮನೆಗಳಿಗೆ ಹೋಗುವುದು. ಸುತ್ತಲ ಊರುಗಳಲ್ಲಿ ನಾನು ತೆಗೆದ ಮದುವೆಗಳು ಬಹಳ. ಪ್ರತಿ ಮದುವೆಯ ನೆಗೆಟಿವ್‌ಗಳನ್ನೂ ಅದೇ ಮದುವೆಯ ಲಗ್ನಪತ್ರಿಕೆಯ ಕವರಿನೊಳಗೆ ಹಾಕಿಡುವುದು ನನ್ನ ಪದ್ಧತಿ. ಹೆಸರು, ತಾರೀಖು, ಛತ್ರ ಎಲ್ಲ ಅದರ ಮೇಲೆ ಅಚ್ಚಾಗಿಯೇ ಇರುತ್ತದಲ್ಲ, ಮತ್ತೆ ಬರೆಯುವ ಶ್ರಮ ಯಾಕೆ? ಹಾಗಾಗಿ ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ನೂರಾರು ಲಗ್ನಪತ್ರಿಕೆಗಳಿವೆ. ಅಪರಿಚಿತರು ಅದನ್ನು ತೆರೆದರೆ, ಯಾರೋ ಪಾಪಿ ಇಷ್ಟು ಮದುವೆಗಳಿಗೆ ಕರೆದರೂ ಹೋಗಿಲ್ಲ ಎಂದುಕೊಂಡಾರು.

ಸ್ಕ್ಯಾನರು ಸಿಕ್ಕಿದ್ದು ಚಿಂತಾಮಣಿಯಲ್ಲಿ. ಸ್ಟುಡಿಯೋ ಮುಚ್ಚಿ ಅದೇ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಿರುವ ಹಳೆಯ ಪರಿಚಯದವರೊಬ್ಬರು, ಮೂಲೆಯಲ್ಲಿದ್ದ ಅದರ ಧೂಳು ಒರೆಸಿ ಕೊಟ್ಟರು. ಮುಚ್ಚಳದಲ್ಲಿ ಬೆಳಕಿದ್ದು, ಫಿಲಂ ಪಟ್ಟಿಗಳನ್ನು ಸಿಕ್ಕಿಸಲು ಚೌಕಟ್ಟು ಇರುವ ಜಾತಿ ಅದು. “ಕೆಟ್ಟಿದೆಯೇನಪ್ಪ?” ಎಂದು ಕೇಳಿದೆ. “ಕೆಟ್ಟಿಲ್ಲ ಮೇಷ್ಟ್ರೇ, ಕೆಲ್ಸ ಇಲ್ದೆ ಸುಮ್ನೆ ಕೂತಿದೆ ಅಷ್ಟೆ. ನಿಮ್ಮಂಗೇನೇ” ಅಂದರು. ಸ್ಕ್ಯಾನರನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಕೆಲಸವೇನೋ ಸುಲಭ. ಆರು ಚಿತ್ರಗಳ ಒಂದು ಪಟ್ಟಿಯನ್ನು ಅಂಚಿನಲ್ಲಿ ಹಿಡಿದು, ಗಾಳಿ ಪಂಪಿನಿಂದ ಧೂಳು ಹಾರಿಸಿ, ಚೌಕಟ್ಟಿಗೆ ಸಿಕ್ಕಿಸಿ, ಮುಚ್ಚಳ ಹಾಕುವುದು. ಒಳಗೆ ಬೆಳಕು ನಿಧಾನವಾಗಿ ತೆವಳುತ್ತದೆ. ಕಂಪ್ಯೂಟರಿನಲ್ಲಿ ಮೊದಲು ನೆಗೆಟಿವ್ ಇದ್ದ ಹಾಗೇ ಕಾಣುತ್ತದೆ, ಆಮೇಲೆ ಬಣ್ಣಗಳು ತಿರುವುಮುರುವಾಗಿ ಸರಿಯಾಗುತ್ತವೆ. ಈ ಮೊದಲಿಗೂ ಆಮೇಲಿಗೂ ನಡುವೆ ಇರುವ ಕೆಲವು ಕ್ಷಣಗಳಿವೆಯಲ್ಲ, ಅವು ನನಗೆ ಆಗಿಬರುವುದಿಲ್ಲ. ಹಲ್ಲು ಕಪ್ಪು, ತಲೆಗೂದಲು ಬಿಳಿ, ಕಣ್ಣುಪಾಪೆಯ ಜಾಗದಲ್ಲಿ ಬೆಳ್ಳಗಿನ ಚುಕ್ಕೆ. ಕೆಂಪು ಧಾರೆಸೀರೆ ಪಾಚಿಯ ಬಣ್ಣಕ್ಕೆ ತಿರುಗಿ, ಮದುಮಗಳು ಈಗಷ್ಟೇ ಬಾವಿಯಿಂದ ಎದ್ದು ಬಂದವಳಂತೆ ಕಾಣುತ್ತಾಳೆ. ಆ ರೂಪದಲ್ಲಿ ಅವರೆಲ್ಲ ನನ್ನನ್ನೇ ನೋಡಿ ನಗುತ್ತಿರುತ್ತಾರೆ. ಅಂದು ನಾನೇ ತಾನೇ ಅವರಿಗೆ “ಸ್ಮೈಲ್” ಎಂದು ಹೇಳಿದ್ದು?

ನವರಸಗಳಿಗೆ ಒಂದೊಂದು ಬಣ್ಣ ಹಂಚಿಕೊಟ್ಟ ನಮ್ಮ ಹಿರಿಯರು ಭಯಾನಕಕ್ಕೆ ಕಪ್ಪು ಕೊಟ್ಟರು, ಹಾಸ್ಯಕ್ಕೆ ಬಿಳಿ. ಡ್ರಾಯಿಂಗ್ ಮೇಷ್ಟ್ರಾದವನು ಇಷ್ಟನ್ನಾದರೂ ತಿಳಿದಿರಬೇಕು. ಅವರಿಗೆ ನೆಗೆಟಿವ್ ಗೊತ್ತಿರಲಿಲ್ಲ, ಆದರೂ ಲೆಕ್ಕ ಸರಿಯಾಗಿದೆ. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಅಂದರೆ ಒಬ್ಬರ ಹಾಸ್ಯ ತಿರುವಿ ಹಾಕಿದರೆ ಇನ್ನೊಬ್ಬರ ಭಯಾನಕ. ಸ್ಕ್ಯಾನರಿನ ಮುಂದೆ ನಾನು ಹೆದರಿ ಕೂತಿದ್ದಾಗ ಸರೋಜ ಬಾಗಿಲಲ್ಲಿ ನಿಂತು ಬಿದ್ದುಬಿದ್ದು ನಗುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಶಾಸ್ತ್ರಾಧಾರ ನನಗೆ ಸಿಕ್ಕಿಲ್ಲ.

ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲ. ನಿಜವಾದ ಹೆದರಿಕೆ ಶುರುವಾದದ್ದು ನನ್ನ ಬಡಾಯಿಯಿಂದ. ಮೊದಲು ಮಾಡಿದ ನಾಲ್ಕಾರು ಚಿತ್ರಗಳನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ, ‘ನನ್ನ ಬಳಿ ಎಲ್ಲರ ಮದುವೆಯ ನೆಗೆಟಿವ್‌ಗಳೂ ಭದ್ರವಾಗಿವೆ’ ಎಂದು ಬರೆದುಬಿಟ್ಟೆ. ಹೊಗಳಿಕೆ ಬರಲಿ ಎಂಬ ಆಸೆ, ಇನ್ನೇನಿಲ್ಲ. ಹೊಗಳಿಕೆ ಒಂದು ದಿನ ಬಂತು. ಎರಡನೆಯ ದಿನದಿಂದ ಫೋನುಗಳು ಬಂದವು. ನಗರಗೆರೆಯಿಂದ ಒಬ್ಬರು: “ಸಾರ್, ನಮ್ಮಕ್ಕನ ಮದ್ವೇಲಿ ನಮ್ಮ ತಾತನ್ನ ನಿಲ್ಲಿಸಿ ಒಂದ್ ಫೋಟೋ ಹೊಡೆದ್ರಲ್ಲ, ಕೆಂಪು ಪೇಟ ಸುತ್ತಿದ್ರು.” ಗಡಿಯಾಚೆಯ ಹಿಂದೂಪುರದಿಂದ ಇನ್ನೊಬ್ಬರು, ತಮ್ಮ ಅತ್ತೆಯ ಫೋಟೋ ಇರಬೇಕೆಂದು ಅರ್ಧ ತೆಲುಗಿನಲ್ಲಿ: “ಏಂ ಸಾರ್, ಬಾಗುನ್ನಾರಾ? ಮಾ ಅತ್ತ ಫೋಟೋ ಒಕಟಿ ಉಂಡಾಲೇ, ನೋಡಿ ಸ್ವಲ್ಪ.” ಫೋನು ಬಡಿದುಕೊಂಡರೆ ಸಾಕು, ನನ್ನ ಎದೆಯೂ ಜೊತೆಗೇ ಬಡಿದುಕೊಳ್ಳತೊಡಗಿತು.

ಯಾಕೆಂದು ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಒಂದು ರೀಲಿಗೆ ಮೂವತ್ತಾರು ಚಿತ್ರ. ಮದುವೆಗೆ ಬಂದವರು ಐನೂರು ಜನ. ಉಡುಗೊರೆ ಕೊಟ್ಟ ಪ್ರತಿಯೊಬ್ಬರೂ ಹೆಣ್ಣುಗಂಡಿನ ಪಕ್ಕ ನಿಂತು ಕ್ಯಾಮರಾ ಕಡೆ ನೋಡುತ್ತಾರೆ, ಬೆಳಕು ಬರುವವರೆಗೂ ಇಳಿಯುವುದಿಲ್ಲ. ಎಲ್ಲರಿಗೂ ನಿಜವಾಗಿ ಹೊಡೆಯುತ್ತ ಹೋದರೆ ಹೆಣ್ಣೊಪ್ಪಿಸುವ ಹೊತ್ತಿಗೆ ರೀಲೇ ಇರುವುದಿಲ್ಲ. ಇದಕ್ಕೆ ಆ ಕಾಲದ ಫೋಟೋಗ್ರಾಫರುಗಳೆಲ್ಲ ಮಾಡುತ್ತಿದ್ದ ಉಪಾಯ ಒಂದೇ. ಫ್ಲಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಫಳ್ ಎಂದು ಬೆಳಕು ಬರುತ್ತದೆ, ಕ್ಯಾಮರಾ ಮಾತ್ರ ಕಣ್ಣು ಬಿಡುವುದಿಲ್ಲ. ಓಲಗದ ಗಲಾಟೆಯಲ್ಲಿ ಕ್ಯಾಮರಾ ಸದ್ದು ಮಾಡಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ನಿಂತವರು ತೃಪ್ತಿಯಿಂದ ಇಳಿದು ಊಟಕ್ಕೆ ಹೋಗುತ್ತಾರೆ. ಇದಕ್ಕೆ ನಮ್ಮೊಳಗೆ ‘ಖಾಲಿ ಹೊಡೆಯುವುದು’ ಎಂದು ಹೆಸರು.

ಯಾರಿಗೆ ಖಾಲಿ, ಯಾರಿಗೆ ನಿಜ ಎಂದು ತೀರ್ಮಾನಿಸುವವರು ಮದುವೆ ಮಾಡುವ ಯಜಮಾನರು. ಅವರು ನನ್ನ ಎದುರಿಗೆ ಎಲ್ಲಾದರೂ ನಿಂತು ಖಾಲಿ ಹೊಡೆಯಲು ಮೊದಲೇ ಮಾತಾಡಿಕೊಂಡ ಸನ್ನೆ ಮಾಡುತ್ತಿದ್ದರು. ಒಬ್ಬರು ಶಲ್ಯವನ್ನು ಎಡಹೆಗಲಿನಿಂದ ಬಲಹೆಗಲಿಗೆ ಹಾಕುವುದು, ಇನ್ನೊಬ್ಬರು ಕಿವಿ ಮುಟ್ಟಿಕೊಳ್ಳುವುದು. ವಿದುರಾಶ್ವತ್ಥದಲ್ಲಿ ನಡೆದ ಒಂದು ಮದುವೆಯಲ್ಲಿ ಯಜಮಾನರು ಕೆಮ್ಮುವುದನ್ನು ಸನ್ನೆ ಎಂದು ಒಪ್ಪಿಕೊಂಡಿದ್ದರು. ಮಾಗಿಯ ಬೆಳಗು, ಹೋಮದ ಹೊಗೆ ಬೇರೆ. ಪಾಪ, ಅವರಿಗೆ ನಿಜವಾಗಿಯೇ ಕೆಮ್ಮು ಹತ್ತಿಕೊಂಡಿತು. ನಾನು ವಿಧೇಯ ಮನುಷ್ಯ. ಕೆಮ್ಮಿದಷ್ಟೂ ಖಾಲಿ ಹೊಡೆದೆ. ಗಂಡಿನ ಸೋದರಮಾವ, ಅವರ ಮನೆಯವರು, ಗಂಡಿನ ತಂಗಿಯ ಗಂಡ, ಎಲ್ಲರೂ ಆ ಕೆಮ್ಮಿನಲ್ಲಿ ಕೊಚ್ಚಿಹೋದರು. ಆಲ್ಬಂ ನೋಡಿ ಬೀಗರು ಮುನಿಸಿಕೊಂಡದ್ದು ಹುಡುಗಿಯ ಮೊದಲ ಬಾಣಂತನದವರೆಗೂ ನಡೆಯಿತಂತೆ. ತಪ್ಪನ್ನೆಲ್ಲ ಫಿಲಂ ತೊಳೆದವರ ಮೇಲೆ ಹಾಕಿ ನಾನು ಪಾರಾದೆ.

ಈಗ ಕೇಳಿ. ಫೋನು ಮಾಡುವವರಲ್ಲಿ ಹೆಚ್ಚಿನವರು ಕೇಳುವುದು ಆಲ್ಬಂಗಳಲ್ಲಿ ಇಲ್ಲದವರನ್ನೇ. ಆಲ್ಬಂನಲ್ಲಿ ಇಲ್ಲ ಅಂದರೆ ನೆಗೆಟಿವ್‌ನಲ್ಲಿ ಇರಲೇಬೇಕು, ಮೇಷ್ಟ್ರು ಹೊಡೆದದ್ದನ್ನು ನಾವೇ ಕಣ್ಣಾರೆ ನೋಡಿದ್ದೇವಲ್ಲ ಎಂಬುದು ಅವರ ವಾದ. ಅವರು ನೋಡಿದ್ದು ಬೆಳಕನ್ನು. ಆದ್ದರಿಂದ ನಾನು “ಅಯ್ಯೋ, ಅದನ್ನು ಫಂಗಸ್ ತಿಂದುಬಿಟ್ಟಿದೆಯಪ್ಪ” ಎನ್ನುವುದನ್ನು ಕಲಿತೆ. ಕೆಂಪು ಪೇಟದ ತಾತನನ್ನು ಫಂಗಸ್ ತಿಂದಿತು, ಹಿಂದೂಪುರದ ಅತ್ತೆಯನ್ನು ಫಂಗಸ್ ತಿಂದಿತು. ಆ ಬೂಷ್ಟಿಗೆ ಬಾಯಿದ್ದಿದ್ದರೆ ನನ್ನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡುತ್ತಿತ್ತು.

ಒಂದು ಬೆಳಗ್ಗೆ ಶಿಡ್ಲಘಟ್ಟದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. “ಸಾರ್, ನನ್ನ ಹೆಸ್ರು ನಸೀಮಾ. ಇಲ್ಲಿ ಹೊಲಿಗೆ ಕ್ಲಾಸ್ ನಡೆಸ್ತೀನಿ. ಗಿರಿಜಕ್ಕನ ಮದ್ವೆಗೆ ಫೋಟೋ ತೆಗ್ದಿದ್ದು ನೀವೇ ಅಲ್ವಾ?”

ಗಿರಿಜಳ ಮದುವೆ ನನಗೆ ಚೆನ್ನಾಗಿ ನೆನಪಿದೆ. ಹುಡುಗ ನಮ್ಮೂರಿನವನಾದ್ದರಿಂದ ನನ್ನನ್ನು ಶಿಡ್ಲಘಟ್ಟದವರೆಗೆ ಕರೆದುಕೊಂಡು ಹೋಗಿದ್ದರು. ಗಿರಿಜಳ ತಂದೆಗೆ ಅಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಂದು ಘಟಕವಿತ್ತು. “ಹೂಂ ಕಣಮ್ಮ, ನಾನೇ” ಎಂದೆ.

“ನಮ್ಮಮ್ಮಿ ಅವ್ರ ಹತ್ರ ನೂಲು ಬಿಚ್ಚೋಕೆ ಹೋಗ್ತಿದ್ರು. ಜುಬೇದಾ ಅಂತ. ಗಿರಿಜಕ್ಕನ ತಾಯಿ ಬಲವಂತ ಮಾಡಿ ಸ್ಟೇಜ್ ಹತ್ತಿಸಿದ್ರು. ನಾನೂ ಇದ್ದೆ, ಏಳು ವರ್ಷ ನನಗೆ, ಅಮ್ಮಿ ಸೆರಗು ಹಿಡ್ಕೊಂಡಿದ್ದೆ. ಅಮ್ಮಿ ಜನ್ಮದಲ್ಲಿ ಫೋಟೋಗೆ ಅಂತ ನಿಂತಿದ್ದು ಅದೊಂದೇ ಸಲ ಸಾರ್.” ಹಾಗೇ ಮುಂದುವರಿಸಿದಳು: “ಹೋದ ವರ್ಷ ತೀರ್ಕೊಂಡ್ರು. ಆಧಾರ್ ಕಾರ್ಡಲ್ಲಿರೋದು ಅಮ್ಮಿ ಅಂತ ನಮಗೇ ಗೊತ್ತಾಗಲ್ಲ. ಗಿರಿಜಕ್ಕನ ಆಲ್ಬಮ್ಮಲ್ಲಿ ನೋಡ್ದೆ, ಇಲ್ಲ. ನೆಗೆಟಿವಲ್ಲಿ ಒಂದ್ಸಲ ನೋಡ್ತೀರಾ? ನಮ್ಮ ಮುಂದೆ ಒಬ್ರು ಗೋಡೆ ಗಡಿಯಾರ ಕೊಟ್ರು, ನಮ್ಮ ಹಿಂದೆ ಒಬ್ರು ಕುಕ್ಕರ್ ಹಿಡ್ಕೊಂಡಿದ್ರು. ಮಧ್ಯದಲ್ಲಿ ನಾವು. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ ಸಾರ್.”

ನಾಲಗೆಯ ತುದಿಗೆ ಬಂದಿದ್ದ ಫಂಗಸ್ಸು ಯಾಕೋ ಹೊರಗೆ ಬರಲಿಲ್ಲ. “ನೋಡ್ತೀನಮ್ಮ” ಎಂದುಬಿಟ್ಟೆ.

ನನಗೆ ಆ ಹೆಂಗಸು ನೆನಪಿದ್ದಳು. ತಲೆಯ ಮೇಲೆ ಸೆರಗು ಹೊದ್ದು, ಬೇಡ ಬೇಡ ಎನ್ನುತ್ತಲೇ ಹತ್ತಿದವಳು ಗಿರಿಜಳ ಪಕ್ಕ ನಿಂತ ಕೂಡಲೇ ನೇರವಾಗಿ ನನ್ನತ್ತ ನೋಡಿದ್ದಳು. ಎದುರಿಗಿದ್ದ ಯಜಮಾನರು, ಅಂದರೆ ಗಿರಿಜಳ ತಂದೆ, ಶಲ್ಯವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿದ್ದೂ ನೆನಪಿತ್ತು. ಆಮೇಲೆ ನಾನೇನು ಮಾಡಿದೆ? ಅದು ನೆನಪಿಲ್ಲ. ಎಷ್ಟೋ ಸಲ ಮನಸ್ಸು ಕರಗಿ, ಯಜಮಾನರ ಸನ್ನೆಯನ್ನು ಕಂಡೂ ಕಾಣದ ಹಾಗೆ ನಿಜವಾಗಿಯೇ ಹೊಡೆದದ್ದುಂಟು. ಅವತ್ತೂ ಹಾಗೆ ಮಾಡಿರಬಹುದು. ಮಾಡದೆಯೂ ಇರಬಹುದು. ಟ್ರಂಕಿನಲ್ಲಿರುವ ಆ ಕವರಿನೊಳಗೆ ಒಂದೋ ಆಕೆ ಇದ್ದಾಳೆ, ಇಲ್ಲವೋ ನಾನು ಎಂಥವನು ಎಂಬುದಕ್ಕೆ ಸಾಕ್ಷಿ ಇದೆ.

ಹೆದರಿದ ಮನುಷ್ಯ ಎಷ್ಟು ಶುಚಿಯಾಗಿ ಕೆಲಸ ಮಾಡುತ್ತಾನೆಂದು ಆ ದಿನಗಳಲ್ಲಿ ನನ್ನನ್ನು ನೋಡಬೇಕಿತ್ತು. ಸ್ಕ್ಯಾನರಿನ ಗಾಜನ್ನು ದಿನಕ್ಕೆ ಮೂರು ಸಲ ಒರೆಸಿದೆ. ಯಾರೂ ಕೇಳದಿದ್ದ ಮದುವೆಗಳನ್ನೆಲ್ಲ ಮಾಡಿ ಮುಗಿಸಿದೆ. ನಮ್ಮ ಶಾಲೆಯ ಪ್ರವಾಸದಲ್ಲಿ ಬಸ್ಸು ಪಂಚರಾಗಿ ನಿಂತಿದ್ದ ಒಂದೇ ದೃಶ್ಯದ ಹನ್ನೊಂದು ಚಿತ್ರಗಳನ್ನು ಅತ್ಯಂತ ಸೂಕ್ಷ್ಮವಾಗಿ ಸ್ಕ್ಯಾನು ಮಾಡಿಟ್ಟೆ. ಗಿರಿಜಳ ಲಗ್ನಪತ್ರಿಕೆ ಮಾತ್ರ ಟ್ರಂಕಿನಿಂದ ಇಳಿದು ಬಂದು ಮೇಜಿನ ತುದಿಯಲ್ಲಿ ಹಾಗೇ ಇತ್ತು. ಮೇಜು ಒರೆಸುವಾಗ ಸರೋಜ ಅದನ್ನು ಎತ್ತಲು ಹೋದರೆ ನಾನು ಬೆಚ್ಚಿಬೀಳುತ್ತಿದ್ದೆ.

“ಏನ್ರೀ ಅದು, ಅದ್ರೊಳಗೇನು ಹಾವಿದೆಯಾ?” ಎಂದಳು ಒಂದು ದಿನ. ವಿಷಯ ಹೇಳಿದೆ. ಖಾಲಿ ಹೊಡೆಯುವ ಗುಟ್ಟನ್ನು ಇಷ್ಟು ವರ್ಷ ಅವಳಿಗೂ ಹೇಳಿರಲಿಲ್ಲ. ಅವಳು ನಗಲಿಲ್ಲ, ಬೈಯಲೂ ಇಲ್ಲ. “ಆ ಹುಡ್ಗಿ ದಿನಾ ಫೋನ್ ನೋಡ್ಕೊಂಡು ಕೂತಿರ್ತಾಳೆ. ನೀವು ಹೆದರ್ಕೊಂಡು ಕೂತಿರಿ” ಎಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಜೋಡಿಸುವ ಸದ್ದು ಬಂತು. ಎರಡು ಹೆದರಿಕೆಗಳಲ್ಲಿ ಹತ್ತಿರದ್ದೇ ಗೆದ್ದಿತು. ನಾನು ಕವರು ತೆರೆದೆ.

ಹನ್ನೆರಡು ಪಟ್ಟಿಗಳಿದ್ದವು. ಎಲ್ಲವೂ ನಿನ್ನೆ ತೊಳೆದು ತಂದಷ್ಟು ಚೊಕ್ಕವಾಗಿದ್ದವು. ಎಲ್ಲಾದರೂ ಒಂದು ಚೂರು ಬೂಷ್ಟು ಇರಲಪ್ಪ ದೇವರೇ ಎಂದು ಬೇಡಿಕೊಂಡ ಮೊದಲ ಫೋಟೋಗ್ರಾಫರ್ ನಾನೇ ಇರಬೇಕು. ಒಂದೊಂದೇ ಪಟ್ಟಿ ಇಟ್ಟೆ. ಬೆಳಕು ತೆವಳಿತು. ಹಸೆಗೆ ಕರೆತಂದದ್ದು, ಕಾಲು ತೊಳೆದದ್ದು, ಧಾರೆ, ತಾಳಿ. ಎರಡನೆಯ ರೀಲಿನ ಐದನೆಯ ಪಟ್ಟಿಯಲ್ಲಿ ಉಡುಗೊರೆಯ ಸಾಲು ಶುರುವಾಯಿತು. ಇಪ್ಪತ್ತೇಳನೆಯ ಚಿತ್ರ ಮೂಡುತ್ತ ಬಂತು. ಕಪ್ಪು ಹಲ್ಲಿನ, ಬಿಳಿ ಮೀಸೆಯ ಒಬ್ಬ ಮನುಷ್ಯ ದುಂಡಗಿನ ಏನನ್ನೋ ಎದೆಗವಚಿ ಹಿಡಿದಿದ್ದ. ಬಣ್ಣ ತಿರುಗಿದಾಗ ಅದು ಗೋಡೆ ಗಡಿಯಾರವಾಯಿತು. ನಾನು ಪಕ್ಕದ ಚಿತ್ರಕ್ಕೆ ಹೋದೆ. ಇಪ್ಪತ್ತೆಂಟು. ಮೊದಲು ಕಂಡದ್ದು ಹಿಡಿಕೆ, ಆಮೇಲೆ ಮುಚ್ಚಳ. ಕುಕ್ಕರು.

ಗಡಿಯಾರ ಮತ್ತು ಕುಕ್ಕರಿನ ನಡುವೆ ಇದ್ದದ್ದು ಎರಡು ಚಿತ್ರಗಳನ್ನು ಬೇರೆ ಮಾಡುವ ಸಣ್ಣ ಗೆರೆಯಷ್ಟು ಖಾಲಿ ಜಾಗ. ಅದನ್ನು ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ದೊಡ್ಡದು ಮಾಡಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇರುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಆ ಕುರ್ಚಿಯಲ್ಲಿ ಕೂತು ನಾನು ಅತ್ತೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಫಂಗಸ್ ಎಂದು ಒಂದು ಮೆಸೇಜು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಬೆರಳಿನಿಂದ ಅಷ್ಟನ್ನೂ ಬರೆದು, ಅಳಿಸಿ, ಮತ್ತೆ ಬರೆದು ಅಳಿಸಿದೆ. ಕೊನೆಗೆ ಮರುದಿನ ಬೆಳಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಅಲ್ಲಿಳಿದು ಶಿಡ್ಲಘಟ್ಟದ ಬಸ್ಸು ಹಿಡಿಯಬೇಕು. ಅಲ್ಲಿ ಬಂದ ಮೊದಲ ಬಸ್ಸನ್ನು ಸೀಟು ಖಾಲಿಯಿದ್ದರೂ ಬಿಟ್ಟೆ. ಎರಡನೆಯದನ್ನು ಕಂಡಕ್ಟರ್ “ಬರ್ತೀರೋ ಇಲ್ವೋ ಯಜಮಾನ್ರೇ” ಎಂದು ಗದರಿದ್ದಕ್ಕೆ ಹೆದರಿ ಹತ್ತಿದೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಂಡೆ. ಅವಳು ಅತ್ತರೆ ಏನು ಮಾಡುವುದು? ಅವಳ ಗಂಡನೋ ಅಣ್ಣನೋ ಇದ್ದು ಕತ್ತಿನಪಟ್ಟಿ ಹಿಡಿದರೆ? ಅದೇ ಮೇಲು ಎಂದೂ ಒಂದು ಸಲ ಅನ್ನಿಸಿತು.

ಹೊಲಿಗೆ ಯಂತ್ರಗಳ ನಡುವೆ ಒಂದು ಸ್ಟೂಲು ಎಳೆದು ನಸೀಮಾ ನನ್ನನ್ನು ಕೂರಿಸಿದಳು. ಟೀ ತಂದಳು. ಟೀ ಮುಟ್ಟಿದರೆ ಹೇಳಲು ಇನ್ನಷ್ಟು ಕಷ್ಟವಾದೀತೆಂದು ಮುಟ್ಟದೆಯೇ ಹೇಳಿಬಿಟ್ಟೆ. ಗುಂಡಿ, ಶಲ್ಯ, ಗಡಿಯಾರ, ಕುಕ್ಕರ್, ಎಲ್ಲವನ್ನೂ. “ತಪ್ಪಾಯ್ತಮ್ಮ. ನಿಮ್ಮಮ್ಮಿ ಫೋಟೋ ನಾನು ತೆಗೀಲೇ ಇಲ್ಲ. ಬರೀ ಬೆಳಕು ಹೊಡೆದೆ.”

ಅವಳು ಯಂತ್ರದ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನಿಲ್ಲಿಸಿದಳು. ಆಮೇಲೆ ಹೇಳಿದಳು: “ಅಮ್ಮೀಗೆ ಗೊತ್ತಿತ್ತು ಸಾರ್. ಅವತ್ತೇ ಮನೆಗೆ ಬರೋ ದಾರೀಲೇ ನನಗೆ ಹೇಳಿದ್ರು. ‘ಗಡಿಯಾರದವ್ರಿಗೆ ಹೊಡೆದ್ಮೇಲೆ ಮೇಷ್ಟ್ರು ಹೆಬ್ಬೆಟ್ಟಲ್ಲಿ ಏನೋ ಎಳೆದು ಸುತ್ತಿದ್ರು. ನಮಗೆ ಹೊಡೆದ್ಮೇಲೆ ಸುತ್ತಲೇ ಇಲ್ಲ. ಸುತ್ತದೆ ಇದ್ರೆ ಒಳಗೆ ಏನೂ ಹೋಗಿಲ್ಲ ಅಂತ’ ಅಂದ್ರು. ದಿನಾ ರಾಟೆ ಮುಂದೆ ಕೂರೋರು ಸಾರ್, ಕೈ ಸುತ್ತಿತೋ ಇಲ್ವೋ ಅನ್ನೋದು ಅವ್ರ ಕಣ್ಣಿಗೆ ತಪ್ಪಲ್ಲ.”

ಹೌದು. ಒಂದೊಂದು ಚಿತ್ರಕ್ಕೂ ಹೆಬ್ಬೆರಳಿನಿಂದ ಕ್ಯಾಮರಾದ ಲಿವರ್ ಎಳೆದು ಫಿಲಂ ಮುಂದಕ್ಕೆ ಸುತ್ತಬೇಕು. ಐನೂರು ಜನರ ನಡುವೆ ಅದನ್ನು ಯಾರು ನೋಡುತ್ತಾರೆಂದು ನಾನು ಖಾಲಿ ಹೊಡೆದಾಗ ಸುತ್ತುವ ನಾಟಕವನ್ನೂ ಆಡುತ್ತಿರಲಿಲ್ಲ.

“ಮತ್ತೆ ಅಲ್ಲೇ ಕೇಳ್ಬಾರ್ದಿತ್ತಾ ಅವರು?” ಎಂದೆ.

“ನಾನೂ ಕೇಳ್ದೆ. ‘ಮದ್ವೆ ಮನೇಲಿ ಅಷ್ಟು ಜನದ ಮುಂದೆ ಮೇಷ್ಟ್ರಿಗೆ ಮುಖಭಂಗ ಮಾಡ್ಬೇಕಾ’ ಅಂದ್ರು.”

“ಗೊತ್ತಿದ್ದೂ ನನ್ನ ಹತ್ರ ಹುಡುಕಿಸಿದೆಯಲ್ಲಮ್ಮ?”

“ಅಮ್ಮಿ ಹೇಳಿದ್ದು ಯಾವತ್ತೂ ತಪ್ಪಾಗ್ತಿರ್ಲಿಲ್ಲ ಸಾರ್” ಎಂದಳು ನಸೀಮಾ. “ಇದೊಂದಾದ್ರೂ ತಪ್ಪಾಗಿರ್ಲಿ ಅಂತ ಆಸೆ ಇತ್ತು.” ಆಮೇಲೆ ಟೀ ಲೋಟವನ್ನು ನನ್ನ ಕಡೆ ಸರಿಸಿದಳು. ಅದು ಆರಿಹೋಗಿತ್ತು. ನಾನು ಪೂರ್ತಿ ಕುಡಿದೆ.

ಈಗ ಯಾರಾದರೂ ಫೋನು ಮಾಡಿ ಕೇಳಿದರೆ, ಖಾಲಿ ಹೊಡೆದಿದ್ದರೆ ಖಾಲಿ ಹೊಡೆದೆ ಎಂದೇ ಹೇಳುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ಮಾತಿಲ್ಲದೆ ಫೋನಿಡುತ್ತಾರೆ. ಕೆಂಪು ಪೇಟದ ತಾತನ ಮೊಮ್ಮಗನಿಗೆ ನಾನೇ ಫೋನು ಮಾಡಿ ಹೇಳಿದೆ. ಅವನು ಒಂದು ವಾರ ಬಿಟ್ಟು ತಿರುಗಿ ಫೋನು ಮಾಡಿ, ತಾತನ ಬಗ್ಗೆ ನನಗೇನಾದರೂ ನೆನಪಿದೆಯೇ ಎಂದು ಕೇಳಿದ. ಇದ್ದಷ್ಟು ಹೇಳಿದೆ. ಸಿಕ್ಕಿಬಿದ್ದೇನೆಂಬ ಹೆದರಿಕೆ ಇದರಿಂದ ಕಡಿಮೆಯಾಗಿದೆ. ಮೂವತ್ತು ವರ್ಷದ ಹಿಂದೆಯೇ ಸಿಕ್ಕಿಬಿದ್ದವನಿಗೆ ಇನ್ನು ಅದೆಲ್ಲಿಯ ಹೆದರಿಕೆ? ಆದರೆ ಹೆದರುಪುಕ್ಕಲನ ಮನಸ್ಸು ಬಹಳ ದಿನ ಬರಿದಾಗಿರುವುದಿಲ್ಲ. ಮಧ್ಯಾಹ್ನ ಸ್ಕ್ಯಾನರಿನ ಮುಂದೆ ಕೂತಾಗ, ಬೆಳಕು ತೆವಳುತ್ತಿರುವಾಗ ಈಗ ಬೇರೆಯದೇ ಒಂದು ದಿಗಿಲು ಹತ್ತುತ್ತದೆ. ಅಷ್ಟೊಂದು ಮದುವೆಗಳಲ್ಲಿ, ಅಷ್ಟೊಂದು ಖಾಲಿ ಬೆಳಕಿಗೆ ಮುಖವೊಡ್ಡಿ ನಿಂತವರಲ್ಲಿ, ಇನ್ನೆಷ್ಟು ಜನ ನನ್ನ ಹೆಬ್ಬೆರಳನ್ನೇ ನೋಡುತ್ತ, ಎಲ್ಲ ಗೊತ್ತಿದ್ದೂ, ನನಗೋಸ್ಕರ ನಕ್ಕಿದ್ದರೋ.